ಸೋರುವ ಜಾಗ

ತಪಸ್ಸು ಕಾಲದ ಮೂರನೇ ಭಾನುವಾರ,
ಬಲಿಪೂಜೆ ಮುಗಿದ ಮೇಲೆ ಹೊಂಗೆಮರದಡಿ
ಸಿಸ್ಟರ್ ಪ್ಲಾಸಿಡಾ ಒಂದು ಮೇಜು ಹಾಕಿಸಿದರು.
ಮೇಜಿನ ಮೇಲೆ ಅರ್ಜಿ, ಅದು ಹಾರದಂತೆ
ಮೇಣದಬತ್ತಿಯ ಖಾಲಿ ಡಬ್ಬ.
ಫ್ರಿಜ್ಜು, ಏಸಿಗಳ ಗ್ಯಾಸನ್ನು ಗಾಳಿಗೆ ಬಿಡದಂತೆ
ಕಾನೂನು ಬಿಗಿಯಾಗಲಿ ಎಂದು ಎಂಪಿಗೆ ಬರೆದದ್ದು.
ಜನ ಸಾಲಾಗಿ ಬಂದು ಸಹಿ ಹಾಕಿದರು,
ಕಾಣದ ಊರಿನ ಅನಾಥರಿಗೆ ಚಂದಾ ಕೊಟ್ಟ ಹಾಗೆ.

ನಾನು ಮಾತ್ರ ಪೆನ್ನು ಹಿಡಿದು ನಿಂತೆ.
ಆ ಗ್ಯಾಸು ನನಗೆ ಗೊತ್ತು.
ಮೂವತ್ತೊಂದು ವರ್ಷ ಶಿವಾಜಿನಗರದ ಗಲ್ಲಿಯಲ್ಲಿ
'ಚೌರಪ್ಪ ರೆಫ್ರಿಜರೇಶನ್' ಬೋರ್ಡಿನ ಕೆಳಗೆ
ಹಸಿರು ಸಿಲಿಂಡರಿನದು, ಗುಲಾಬಿಯದು, ತಿಳಿನೀಲಿಯದು.
ವಾಸನೆಯಿಲ್ಲ, ಬಣ್ಣವಿಲ್ಲ, ಸದ್ದೊಂದು ಉಂಟು:
ಬೆಸುಗೆಗೆ ಮುಂಚೆ ನಟ್ಟು ಸಡಿಲಿಸಿದರೆ
ಶ್ಶ್ಶ್
ಮಲಗಿದ ಮನೆಯಲ್ಲಿ ಯಾರೋ ಯಾರಿಗೋ
ಸುಮ್ಮನಿರು ಅಂದಂತೆ.
ನಾನೂ ಸುಮ್ಮನಿದ್ದೆ.

ಮೆಡಿಕಲ್ ಸ್ಟೋರಿನ ಇನ್ಸುಲಿನ್, ಮಾರ್ಕೆಟ್ಟಿನ ಮೀನು,
ದುಬೈಯಿಂದ ಮಗ ಬರುವ ತನಕ ಕಾದ ಹೆಣ,
ಎಲ್ಲ ನನ್ನ ಕೈಯಿಂದಲೇ ಕೆಡದೆ ಉಳಿದದ್ದು.
ತಂಪು ಮಾಡುವುದು ಪುಣ್ಯದ ಕೆಲಸವೆಂದೇ ನಂಬಿದ್ದೆ.

ಪಾಪನಿವೇದನೆಯಲ್ಲಿ ಕುಡಿತ ಹೇಳಿದ್ದೇನೆ,
ತಮ್ಮನ ಜೊತೆಗಿನ ಸೈಟಿನ ಜಗಳ ಹೇಳಿದ್ದೇನೆ,
ಹಳೇ ಕಂಪ್ರೆಸರಿಗೆ ಬಣ್ಣ ಬಳಿದು ಹೊಸದೆಂದು ಮಾರಿದ್ದೂ.
ಈ ಸದ್ದನ್ನು ಯಾವತ್ತೂ ಹೇಳಲಿಲ್ಲ.
ದಶಾಜ್ಞೆಯಲ್ಲಿ ಇದಕ್ಕೆ ಜಾಗ ಎಲ್ಲಿ?
"ನೆರೆಯವನನ್ನು ಪ್ರೀತಿಸು ಅಂದಮೇಲೆ
ಅವನ ತಲೆ ಮೇಲಿನ ಬಿಸಿಲೂ ಸೇರಿತಲ್ಲ" ಅಂದರು ಸಿಸ್ಟರ್.
ಈ ಗ್ಯಾಸು ಒಂದು ಕೆಜಿ ಬಿಟ್ಟರೆ
ಇಂಗಾಲದ ಹೊಗೆ ಎರಡು ಸಾವಿರ ಕೆಜಿ ಬಿಟ್ಟಂತೆ ಅಂತೆ.
ಮನಸ್ಸಿನಲ್ಲೇ ಗುಣಿಸುತ್ತ ಹೋದವನು
ತೊಂಬತ್ತೆಂಟನೇ ಇಸವಿಗೇ ಸೋತು ನಿಲ್ಲಿಸಿದೆ.
ಸಹಿ ಹಾಕಿದೆ. ಬೆವರಿಗೆ ಶಾಯಿ ಹರಡಿತು.

ಬುಧವಾರ ಮೂರು ಜನ ಎಂಪಿ ಆಫೀಸಿಗೆ ಹೋದೆವು.
"ಸಾಹೇಬ್ರು ಡೆಲ್ಲೀಲಿದ್ದಾರೆ, ಇಟ್ಟು ಹೋಗಿ"
ಅಂದ ಪಿ.ಎ., ಫೈಲಿನಿಂದ ಗಾಳಿ ಬೀಸಿಕೊಳ್ಳುತ್ತ.
ಅವನ ತಲೆಯ ಮೇಲೆ ಏಸಿ ಸುಮ್ಮನೆ ಉಸಿರಾಡುತ್ತಿತ್ತು.
ನನ್ನ ಬಾಯಿ ತಡೆಯಲಿಲ್ಲ: "ಗ್ಯಾಸ್ ಸೋರ್ತಿದೆ ಸಾರ್."
"ಮೆಕ್ಯಾನಿಕ್ಕಾ? ಹಾಗಾದ್ರೆ ಒಂದಿಷ್ಟು ತುಂಬ್ಸಿಕೊಡಿ."
"ಸೋರೋ ಜಾಗ ಮುಚ್ಚದೆ ತುಂಬ್ಸಲ್ಲ.
ನಾವು ತಂದಿರೋ ಕಾಗದದಲ್ಲಿ ಅದೇ ಇರೋದು."
ಉಪದೇಶಿ ಇನ್ನಾಸಪ್ಪ ನನ್ನ ಅಂಗಿ ಎಳೆದರು.
ಪಿ.ಎ. ಫೋನೆತ್ತಿ ಬೇರೆಯವನನ್ನು ಕರೆದ.

ಬಂದವನು ತಬ್ರೇಜ್.
ಏಳು ವರ್ಷ ನನ್ನ ಅಂಗಡಿಯಲ್ಲಿದ್ದ ಹುಡುಗ.
ತಾಮ್ರದ ಪೈಪಿನ ಬಾಯಿ ಅಗಲಿಸುವುದು,
ಸೋಪಿನ ನೊರೆ ಹಚ್ಚಿ ಗುಳ್ಳೆಗೆ ಕಾಯುವುದು,
ಎಲ್ಲ ನಾನೇ ಕಲಿಸಿದ್ದು.
ರೋಜಾ ಹಿಡಿದಿದ್ದ, ತುಟಿ ಒಣಗಿತ್ತು.
ನನ್ನದೂ ಒಂದು ಹೊತ್ತು.
ಬಾಲ್ಕನಿಯಲ್ಲಿ ಇಬ್ಬರೂ ನೊರೆ ನೋಡುತ್ತ ಕೂತೆವು.

ಗುಳ್ಳೆ ಎದ್ದಿತು. ಬೆಸುಗೆ ಹಾಕಬೇಕು,
ಅದಕ್ಕೆ ಮುಂಚೆ ಉಳಿದದ್ದನ್ನು ಖಾಲಿ ಮಾಡಬೇಕು.
ಸ್ಪ್ಯಾನರ್ ನಟ್ಟಿನ ಮೇಲಿಟ್ಟು ತಿರುಗಿದ:
"ಬಿಡಲಾ ಉಸ್ತಾದ್?"
ಹಳೇ ಅಭ್ಯಾಸ. ಎಷ್ಟು ಸಲ 'ಬಿಡು' ಅಂದಿಲ್ಲ ನಾನು!
"ಬೇಡ."
"ಮತ್ತೆ ಎಲ್ಲಿ ತುಂಬಲಿ?
ಖಾಲಿ ಸಿಲಿಂಡರ್ ಯಾರು ಕೊಡ್ತಾರೆ? ಹೀರೋ ಮಿಷನ್ನು
ನನ್ನ ಸ್ಕೂಟರಿಗಿಂತ ದುಬಾರಿ. ಹಿಡಿದಿಟ್ರೂ
ತಗೊಳ್ಳೋರು ಯಾರು, ಯಾವ ಬೀದೀಲಿ?"
ಕುಹಕವಿರಲಿಲ್ಲ. ಕೇಳುತ್ತಿದ್ದ, ಅಷ್ಟೆ,
ಮೊದಲ ದಿನ ಇದು ಯಾವ ಪಾನಾ ಅಂತ ಕೇಳಿದ ಹಾಗೆ.

ನನ್ನಲ್ಲಿ ಉತ್ತರವಿರಲಿಲ್ಲ. ಅರ್ಜಿಯಲ್ಲೂ ಇರಲಿಲ್ಲ.
ಸಿಸ್ಟರ್ ಒಳಗೆ ಹೋಗಿ ಅದನ್ನು ವಾಪಸ್ ಇಸಕೊಂಡು ಬಂದು
ಗೋಡೆಗೆ ಒತ್ತಿ, ಕೊನೆಯ ಸಹಿಯ ಕೆಳಗೆ ಪೆನ್ನಿಟ್ಟರು.
"ಇನ್ನೊಂದ್ಸಲ ಹೇಳಪ್ಪ. ನಿಧಾನಕ್ಕೆ."

ಅವನು ಹೇಳುತ್ತ ಹೋದ. ಅವರು ಬರೆಯುತ್ತ ಹೋದರು.
ಅಲ್ಲಿಯವರೆಗೆ ನಾನು
ಸೋರುವ ಜಾಗಕ್ಕೆ ಹೆಬ್ಬೆರಳು ಒತ್ತಿ ಹಿಡಿದಿದ್ದೆ,
ಇದರಿಂದೇನೂ ನಿಲ್ಲದೆಂದು ಗೊತ್ತಿದ್ದೂ.
ಬೆರಳು ತಣ್ಣಗಾಗುತ್ತಿತ್ತು.