ಎರಡನೇ ಕೋಣೆ

ಚಿರತೆ ಬೋನಿಗೆ ಎರಡು ಕೋಣೆ.
ಮುಂದಿನದು ದೊಡ್ಡದು, ಬಾಗಿಲು ತಾನೇ ಬೀಳುವಂಥದ್ದು.
ಹಿಂದಿನದು ಮೂರಡಿ ಉದ್ದ, ಎರಡಡಿ ಅಗಲ,
ನಾಯಿಗೆ.
ನಡುವೆ ಕಂಬಿ, ಪಂಜ ತೂರದಷ್ಟು ಒತ್ತಾಗಿ.
ವಾಸನೆ ಮಾತ್ರ ತೂರಬೇಕು.
ಅಳತೆ ಚೀಟಿಯಲ್ಲಿ ಹಾಗಂತ ಬರೆದಿರುವುದಿಲ್ಲ,
ಕೆಲಸ ಬಲ್ಲವನಿಗೆ ತಿಳಿಯುತ್ತೆ.

ಚಿಕ್ಕಮಗಳೂರಲ್ಲಿ ಕಡೂರು ರಸ್ತೆಗೆ ನನ್ನ ಶೆಡ್ಡು.
ಅಪ್ಪ ಕುಲುಮೆಯಲ್ಲಿ ನೇಗಿಲ ಗುಳ ತಟ್ಟಿದ.
ನಾನು ಗೇಟು, ಗ್ರಿಲ್ಲು, ನೀರಿನ ಟ್ಯಾಂಕಿನ ಸ್ಟ್ಯಾಂಡು,
ವರ್ಷಕ್ಕೊಂದೆರಡು ಬೋನು.

ಲಕ್ಯಾ ಕಡೆಯಿಂದ ಬೆಳಗಿನ ಐದಕ್ಕೆ ಫೋನು:
ಚಿರತೆ ಸಿಕ್ಕಿದೆ, ಮಲಗಿಸಿ ಸಾಗಿಸಿಯೂ ಆಯ್ತು,
ಹಿಂದಿನ ಅಗುಳಿ ಬಾಗಿದೆ, ನಾಯಿ ಒಳಗೇ ಇದೆ, ಬಾ.
ಜೋಳದ ದಂಟಿನ ನಡುವೆ ಕೂತು
ಕೈಗರಗಸದಲ್ಲೇ ಕೊಯ್ದೆ, ಕಿಡಿ ಅದಕ್ಕೆ ಹಾರಬಾರದೆಂದು.
ನನ್ನ ಬೆಸುಗೆಯನ್ನು ನಾನೇ ಶಪಿಸುತ್ತಾ, ಮುಕ್ಕಾಲು ಗಂಟೆ.
ಬಾಗಿಲು ತೆರೆಯಿತು.
ನಾಯಿ ಬರಲಿಲ್ಲ.
‘ಗಟ್ಟಿ ಕೆಲಸ ಆಚಾರ್ರೇ, ಒಂದು ಕಂಬಿ ಅಲುಗಿಲ್ಲ’
ಎಂದು ಗಾರ್ಡು ಬೆನ್ನು ತಟ್ಟಿದ.

ಕತ್ತಿನ ಚರ್ಮ ಹಿಡಿದೆಳೆದು ಗೂಡ್ಸ್ ಆಟೋಗೆ ಹಾಕಿದೆ.
ಯಾಕೆ ಅಂತ ಕೇಳಬೇಡಿ, ಹೆಂಡತಿಯೂ ಕೇಳಿದಳು.

ನಾಲ್ಕು ತಿಂಗಳು ಕಂಪ್ರೆಸರ್ ಹಿಂದೆ ಅದರ ವಾಸ.
ಶಟರ್ ಎಳೆದರೆ ಉಚ್ಚೆ. ಗ್ರಿಲ್ಲು ಒರಗಿಸಿಟ್ಟರೆ ಅನ್ನ ಮುಟ್ಟದು.
ಕಿಟಕಿ ಜಾಲರಿಗೆ ಬಂದ ಫ್ಲೋರಿನ್ ಟೀಚರು
ಕನ್ನಡಕ ಮೇಲೇರಿಸಿ ನೋಡಿ, ‘ಹೆಸರೇನು?’ ಅಂದರು.
‘ಇಟ್ಟಿಲ್ಲ. ಇವಳೇ ಅಂತೀನಿ.’
‘ಇವಳಿಗೊಂದು ಗೂಡು ಮಾಡಿ ಮೋನಾಚಾರ್ರೇ,
ದೀಪಾವಳಿ ಬರ್ತಿದೆ.’
‘ಕಂಬಿ ಕಂಡ್ರೆ ಸಾಯ್ತಾಳೆ ಟೀಚರ್.’
‘ಕಂಬಿ ಹಾಕಿ ಅಂತ ಯಾರಂದ್ರು?’

ಪಂಪ್‌ಸೆಟ್ ಬಂದ ಮರದ ಪೆಟ್ಟಿಗೆಯೊಂದಿತ್ತು,
ಪಕ್ಕದಲ್ಲಿ ಬಾಣದ ಗುರುತು, ಮೇಲ್ಮುಖವಾಗಿ.
ಮೊಳೆ ಕಿತ್ತೆ, ಸಿಬಿರು ಉಜ್ಜಿದೆ,
ಒಳಗೆ ಗೋಣಿ, ಅದರ ಮೇಲೆ ಬೆವರಿದ ನನ್ನ ಬನಿಯನ್ನು.

ತಳ್ಳಬೇಡಿ, ಕರೆಯಲೂ ಬೇಡಿ, ಟೀಚರ ಆಜ್ಞೆ.
ಸಿಟ್ಟು ಬಂದ ದಿನ ಆ ಕಡೆ ಕೈ ತೋರಿಸಲೇಬೇಡಿ.
ಅನ್ನದ ತಟ್ಟೆ ಮೊದಲು ದೂರ,
ಆಮೇಲೆ ದಿನಕ್ಕೊಂದಿಂಚು ಹತ್ತಿರ.
ಇಂಚು ನನಗೆ ಗೊತ್ತು.
ಟೇಪು ಹಿಡಿದು ಸೀಮೆಸುಣ್ಣದಲ್ಲಿ ಗೆರೆ ಹಾಕಿದೆ,
ಗಿರಾಕಿಗಳು ನಕ್ಕರು.

ಹನ್ನೊಂದನೇ ಗೆರೆಗೆ ಮೂತಿ ಒಳಗೆ.
ಹದಿನಾರಕ್ಕೆ ಮುಂಗಾಲು.
ಹದಿನೇಳರಂದು ಹಲಗೆ ಸಡಿಲವೆಂದು
ಮರೆತು, ಸುತ್ತಿಗೆಯಲ್ಲಿ ಒಂದೇ ಏಟು ಹೊಡೆದೆ.
ಮತ್ತೆ ಕಂಪ್ರೆಸರ್ ಹಿಂದೆ.
ಮತ್ತೆ ಮೊದಲ ಗೆರೆ. ಅದಕ್ಕೂ ಹಿಂದಿನ ಗೆರೆ.

ಬಾಗಿಲು ಬೇಕೇ ಬೇಕು, ಆಸ್ಪತ್ರೆಗೆ ಒಯ್ಯಲಿಕ್ಕಾದರೂ, ಅಂದರು.
ಎರಡು ರಾತ್ರಿ ಕೂತು ಒಂದು ಅಗುಳಿ ಮಾಡಿದೆ,
ಒಳಗಿನಿಂದ ಮೂಗಲ್ಲಿ ತಳ್ಳಿದರೆ ತೆರೆಯುವಂಥದ್ದು.
ಮೂವತ್ತು ವರ್ಷದಲ್ಲಿ
ಇಂಥ ಅಗುಳಿ ಯಾರೂ ಕೇಳಿರಲಿಲ್ಲ.

ಚತುರ್ದಶಿ ರಾತ್ರಿ ಎದುರು ಬೀದಿಯಲ್ಲಿ ಸರ ಹಚ್ಚಿದರು.
ತಿರುಗಿ ನೋಡುತ್ತೇನೆ, ಕಂಪ್ರೆಸರ್ ಹಿಂದೆ ಇಲ್ಲ.
ಪೆಟ್ಟಿಗೆಯ ಕತ್ತಲಲ್ಲಿ ಎರಡು ಕಣ್ಣು, ನಡುಕ,
ಆದರೆ ಗೋಡೆಗೆ ಬೆನ್ನು ಕೊಟ್ಟ ನಡುಕ.
ಬಾಗಿಲು ಅರ್ಧ ತೆರೆದೇ ಇತ್ತು. ಮುಟ್ಟಲಿಲ್ಲ ನಾನು.
ಹೊಸ್ತಿಲ ಹತ್ತಿರ ಅಂಗೈ ಮಲಗಿಸಿಟ್ಟು
ಅಲ್ಲೇ ಸಿಮೆಂಟಿನ ಮೇಲೆ ಒರಗಿದೆ.
ಯಾವಾಗಲೋ ಬೆರಳ ತುದಿಗೆ ಬಿಸಿಯುಸಿರು.

ಮೊನ್ನೆ ಇಲಾಖೆಯಿಂದ ಹೊಸ ಚೀಟಿ ಬಂತು.
ಮುಂದಿನ ಕೋಣೆಯ ಅಳತೆ, ಕಂಬಿಯ ದಪ್ಪ,
ಹಿಂದಿನ ಕೋಣೆಯ ಅಳತೆ.
ಮುಂಗಡ ಕೊಟ್ಟು ಹೋಗಿದ್ದಾರೆ,
ಕರೆಂಟ್ ಬಿಲ್ಲಿಗೆ ಖರ್ಚೂ ಆಯಿತು.
ಚೀಟಿ ಬೆಂಚಿನ ಮೇಲೆ, ದಪ್ಪ ಬೋಲ್ಟೊಂದರ ಕೆಳಗೆ,
ಗಾಳಿಗೆ ಅಂಚು ಮಾತ್ರ ಏಳುತ್ತದೆ.

ಇವಳು ನಿದ್ದೆಯಲ್ಲಿದ್ದಾಳೆ.
ಏನು ಕನಸೋ, ಬಾಲ ಹಲಗೆಗೆ ಬಡಿಯುತ್ತಿದೆ,
ಟಕ್. ಟಕ್.