ಎಡಗಿವಿ

ಲಾಜರಸ್ ಮೇಸ್ತ್ರಿಗೆ ಎಡಗಿವಿ ಕೇಳಿಸದು.
ನಲವತ್ತು ವರ್ಷ ಸೈಲೆನ್ಸರ್ ಪಕ್ಕ ಕೂತದ್ದಕ್ಕೆ
ಸಿಕ್ಕ ಪಿಂಚಣಿ, ಅನ್ನುತ್ತಾರೆ.

ಸಾಗರ ರಸ್ತೆಯ ಶೆಡ್ಡಿನಲ್ಲಿ
ಎರಡೂ ಕಾರ್ಬೊರೇಟರ್ ಬಿಚ್ಚಿ
ನಿನ್ನೆಯ ಪೇಪರಿನ ಮೇಲೆ ಹರವಿದ್ದಾರೆ:
ವೃಶ್ಚಿಕದ ಮೇಲೆ ಫ್ಲೋಟು, ಮೀನದ ಮೇಲೆ ಸೂಜಿ.
ಬಟ್ಟಲ ತಳದಲ್ಲಿ ಆರು ವರ್ಷದ ಪೆಟ್ರೋಲು
ಜೋನಿಬೆಲ್ಲದ ಹಾಗೆ ಕೂತಿದೆ.
ಮೂಸಿದರೆ ಮಾತ್ರ ಬೆಲ್ಲವಲ್ಲ.

ಆಗುಂಬೆಯ ಏಳನೇ ತಿರುವಿನಲ್ಲಿ ಒಂದು ಸಿಲಿಂಡರ್ ಸತ್ತಾಗ
ಹಿಂದೆ ಕೂತಿದ್ದ ವಾರಿಜ
ಇಳಿದು, ಸೀರೆ ಕೊಡವಿ, ಬಸ್ಸು ಹತ್ತಿದ್ದಳು.
ಅಂದಿನಿಂದ ಗಾಡಿ ಗೋಣಿಚೀಲದೊಳಗೆ.

"ಪಿನ್ನು ಚುಚ್ಚಬೇಡಿ ಜೆಟ್ಟಿಗೆ.
ತೂತು ಹಿಗ್ಗಿದರೆ ಗಾಡಿ ಹೊಟ್ಟೆಬಾಕ ಆಗುತ್ತೆ."
ತುಂಗೆಗೆ ಗಾಳ ಹಾಕುವ ನೈಲಾನ್ ಎಳೆ
ಗೇಣುದ್ದ ಕತ್ತರಿಸಿ ತೂರಿಸಿದರು.
ಬೆಳಕಿಗೆ ಹಿಡಿದರು:
ಸಾಸಿವೆಗಿಂತ ಸಣ್ಣ ಆಕಾಶ.

ಜೋಡಿಸಿ, ಒದ್ದು, ಹೊಗೆ ಇಳಿದ ಮೇಲೆ
ಒಂದು ರಬ್ಬರ್ ಪೈಪು ತಮ್ಮ ಬಲಗಿವಿಗೆ,
ಇನ್ನೊಂದು ನನ್ನ ಕಿವಿಗೆ.
"ಎರಡೂ ಒಂದೇ ಸಮ ಉಸಿರಾಡಬೇಕು.
ನಿಮ್ಮ ಕಡೆ ಹೇಗಿದೆ?"
"ಹಾಲು ಉಕ್ಕುವ ಮುಂಚಿನ ಸದ್ದು."
"ನನ್ನದು ಮೊರದಲ್ಲಿ ಅಕ್ಕಿ ಕೇರೋದು."
ಸ್ಕ್ರೂ ಕಾಲು ಸುತ್ತು. "ಈಗ?"
"ಹಾಲೇ."
ಕೂದಲೆಳೆಯಷ್ಟು. "ಈಗ?"
ನನ್ನ ಮುಖವನ್ನೇ ನೋಡುತ್ತಿದ್ದರು, ಗಾಡಿಯನ್ನಲ್ಲ.

"ಅಕ್ಕಿ," ಅಂದೆ.
ನಿಜಕ್ಕೂ ಅಕ್ಕಿಯೋ,
ಅವರು ಅಂದದ್ದಕ್ಕೆ ಅಕ್ಕಿಯೋ,
ಇನ್ನೊಮ್ಮೆ ಕೇಳೋಣ ಅನ್ನುವಷ್ಟರಲ್ಲಿ
ಮೇಸ್ತ್ರಿ ನಟ್ಟು ಬಿಗಿದಾಗಿತ್ತು.