ಮೊದಲ ಹುಲ್ಲು

ಇರ್ಕುತ್ಸ್ಕ್. ಹೊರಗೆ ಮೈನಸ್ ಮೂವತ್ತೊಂದು.
ನೆಲಮಾಳಿಗೆಯ ಅಂಗಡಿಯಲ್ಲಿ ಜೋರಿಕ್ತೊ
ಎರಡು ಗ್ರಾಫಿಕ್ಸ್ ಕಾರ್ಡು ಮೇಜಿಗಿಟ್ಟ.
ಒಂದರ ಮೈಮೇಲೆ ಇನ್ನೂ ಪ್ಲಾಸ್ಟಿಕ್ಕಿನ ಪೊರೆ;
ಇನ್ನೊಂದರ ಫ್ಯಾನಿನ ಸಂದಿಯಲ್ಲಿ
ಬ್ರಷ್ಷಿಗೂ ಜಗ್ಗದ ಧೂಳು.

ಒಂದೇ ಪರೀಕ್ಷೆ ಎರಡಕ್ಕೂ:
ಜಲಪಾತ, ಬಂಡೆ, ಗಾಳಿಗೆ ಬಾಗುವ ಹುಲ್ಲು.

ಹೊಸದು: ಸೆಕೆಂಡಿಗೆ ನೂರ ನಲವತ್ತೆರಡು ಚಿತ್ರ.
ಉಸಿರೂ ಕೇಳಿಸಲಿಲ್ಲ.
ಹಳೆಯದು: ತೊಂಬತ್ತೇಳು,
ಎಂಬತ್ತಮೂರು ಡಿಗ್ರಿ ಕಾವು, ಒಂದು ಬೇರಿಂಗು ಗೊರಗೊರ.

"ಎಲ್ಲಿಯದಿದು?" ಅಂದಳು ರಿಮ್ಮಾ,
ಟ್ರಾಮ್ ಓಡಿಸುವವಳು, ಕೈಗವಸು ಬಿಚ್ಚದೆ.
"ಬ್ರಾತ್ಸ್ಕ್ ಕಡೆಯ ಶೆಡ್ಡಿನದು.
ಮೂರು ವರ್ಷ ಕಾಣದ ನಾಣ್ಯ ಅಗೆಯಿತು,
ಗಾಣದೆತ್ತು, ಹಗಲಿರುಳು.
ಲೆಕ್ಕ, ಬರೀ ಲೆಕ್ಕ.
ಪರದೆಯ ತಂತಿಯನ್ನೇ ಯಾರೂ ಚುಚ್ಚಿರಲಿಲ್ಲ."

ಅಂದರೆ ಈ ಹುಲ್ಲು
ಅದು ಬರೆದ ಮೊದಲ ಹುಲ್ಲು.

ಅವಳು ಅಂಕಿ ಬಿಟ್ಟು ನೀರನ್ನು ನೋಡಿದಳು.
ಒಂದು ಹನಿ ಬಂಡೆಗೆ ತಾಗುವ ಮುನ್ನ
ತುಸು ತಡವರಿಸಿತು,
ಆಮೇಲೆ ಸರಿಯಾಗಿಯೇ ಒಡೆಯಿತು.

ಕೊಂಡದ್ದು ಹೊಸದನ್ನೇ, ಕಂತಿನಲ್ಲಿ.
ಮಗಳು ಚೀಟಿಯಲ್ಲಿ ಬರೆದುಕೊಟ್ಟದ್ದು ಅದನ್ನು.
ಜೋರಿಕ್ತೊ ಸ್ವಿಚ್ಚಿಗೆ ಕೈಚಾಚಿದಾಗ ಮಾತ್ರ,
"ಇರಲಿ, ಆರಿಸಬೇಡ,
ನನ್ನ ಪಾಳಿಗೆ ಇನ್ನೂ ನಾಲ್ಕು ನಿಮಿಷವಿದೆ" ಎಂದು
ಕೈಗವಸು ಕಳಚಿ
ಹಳೆಯದರ ಬಿಸಿಗೆ ಅಂಗೈ ಒಡ್ಡಿದಳು.